ಡಿಲೀಟ್ ಮಾಡಿದರೂ ಸರ್ವರ್‌ನಲ್ಲಿ ಜಾಗ ಏಕೆ ಸಿಗುವುದಿಲ್ಲ?

ಫೋನಿನಲ್ಲಿ 'ಸ್ಟೋರೇಜ್ ಭರ್ತಿ' ಎಂಬ ಸೂಚನೆ ಬಂದ ಕೂಡಲೇ ನಾವೆಲ್ಲ ಮಾಡುವ ಮೊದಲ ಕೆಲಸ ಡಿಲೀಟ್. ನಾಲ್ಕು ವಿಡಿಯೊ ಅಳಿಸಿದರೆ ಜಾಗ ಸಿಗುತ್ತದೆ. ಹಾಗಾಗಿ ಅಳಿಸಿದ್ದೆಲ್ಲ ಜಾಗವಾಗಿ ಮರಳುತ್ತದೆ ಎಂದು ನಂಬಿಬಿಟ್ಟಿದ್ದೇವೆ. ಆದರೆ ಡೇಟಾಬೇಸ್ ವಿಷಯದಲ್ಲಿ ಈ ನಂಬಿಕೆ ಬಹುಮಟ್ಟಿಗೆ ತಪ್ಪು.

ನಮಗೂ ಇದು ಪೆಟ್ಟು ತಿಂದ ಮೇಲೆಯೇ ಗೊತ್ತಾದದ್ದು. ನಮ್ಮ ಸಂಶೋಧನಾ ತಂಡ ಸಂದರ್ಶನಗಳ ಧ್ವನಿಮುದ್ರಣಗಳನ್ನು ಕಾಪಾಡಲು ಒಂದು ಸಣ್ಣ ಬ್ಯಾಕಪ್ ಸರ್ವರ್ ಇಟ್ಟುಕೊಂಡಿದೆ. ಅದರಲ್ಲಿರುವುದು ಬ್ಯಾಕುಲಾ ಎಂಬ ಮುಕ್ತ ತಂತ್ರಾಂಶ (ಹೌದು, ರಾತ್ರಿ ಹೊತ್ತು ಬಂದು ಕೆಲಸ ಮಾಡುವ ಡ್ರಾಕುಲಾನನ್ನು ನೆನಪಿಸುವ ಹೆಸರೇ!). ಯಾವ ಕಡತ ಯಾವ ದಿನ ಎಲ್ಲಿ ಸೇರಿತು ಎಂಬ ಲೆಕ್ಕವನ್ನು ಅದು ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಬರೆದಿಡುತ್ತದೆ. ಡಿಸ್ಕ್ ತುಂಬುತ್ತಾ ಬಂದಾಗ ಹಳೆಯ ಲೆಕ್ಕದ ಲಕ್ಷಾಂತರ ಸಾಲುಗಳನ್ನು ಅಳಿಸಿದೆವು. ಡಿಸ್ಕ್ ನೋಡಿದರೆ ಒಂದಿಷ್ಟೂ ಬದಲಾವಣೆ ಇಲ್ಲ.

ಕಾರಣ ಸರಳ. ಡೇಟಾಬೇಸ್ ಎಂದರೆ ಪುಟಗಳಾಗಿ ಹಂಚಿದ ದೊಡ್ಡ ಕಡತಗಳು. ಪೋಸ್ಟ್‌ಗ್ರೆಸ್‌ನಲ್ಲಿ ಸಾಮಾನ್ಯವಾಗಿ ಒಂದು ಪುಟ 8 ಕಿಲೋಬೈಟ್. ಒಂದು ಸಾಲನ್ನು ಅಳಿಸಿ ಎಂದಾಗ ಅದು 'ಈ ಸಾಲು ಸತ್ತಿದೆ' ಎಂದು ಗುರುತು ಹಾಕುತ್ತದೆ ಅಷ್ಟೆ. ಏಕೆಂದರೆ ಅದೇ ಕ್ಷಣದಲ್ಲಿ ಬೇರೊಬ್ಬರು ಆ ಸಾಲನ್ನು ಓದುತ್ತಿರಬಹುದು. ಆಮೇಲೆ 'ವ್ಯಾಕ್ಯೂಮ್' ಎಂಬ ಕೆಲಸ ನಡೆದಾಗ ಆ ಜಾಗ ಹೊಸ ಸಾಲುಗಳಿಗೆ ಸಿಗುತ್ತದೆ, ಆದರೆ ಡೇಟಾಬೇಸ್‌ನ ಒಳಗೆ ಮಾತ್ರ. ಬಸ್ಸಿನಲ್ಲಿ ಟವೆಲ್ ಹಾಕಿ ಸೀಟು ಹಿಡಿದಂತೆ. ಸೀಟಿನಲ್ಲಿ ಯಾರೂ ಕೂತಿಲ್ಲ, ಆದರೂ ಬೇರೆಯವರು ಕೂರುವ ಹಾಗಿಲ್ಲ. ಆಪರೇಟಿಂಗ್ ಸಿಸ್ಟಂಗೆ ಕಾಣುವುದು ಟವೆಲ್ ಮಾತ್ರ. ಕಡತದ ಕೊನೆಯಲ್ಲಿರುವ ಪುಟಗಳು ಪೂರ್ತಿ ಖಾಲಿಯಾಗಿದ್ದರೆ ಅಷ್ಟನ್ನು ಕತ್ತರಿಸಿ ಹಿಂದಿರುಗಿಸುವುದುಂಟು. ಮಧ್ಯದ ತೂತುಗಳು ಹಾಗೇ ಉಳಿಯುತ್ತವೆ.

ಫೋನ್‌ಗಳಲ್ಲಿ ಬಳಕೆಯಾಗುವ ಎಸ್‌ಕ್ಯೂಲೈಟ್ ಕೂಡ ಹೀಗೆಯೇ. ಸಾವಿರ ಸಂದೇಶ ಅಳಿಸಿದರೂ ಆ ಕಡತದ ಗಾತ್ರ ಇದ್ದಷ್ಟೇ ಇರಬಹುದು.

ಹಾಗಾದರೆ ಕುಗ್ಗಿಸುವುದು ಹೇಗೆ? 'ವ್ಯಾಕ್ಯೂಮ್ ಫುಲ್' ಎಂಬ ಆದೇಶವಿದೆ. ಅದು ಬದುಕಿರುವ ಸಾಲುಗಳನ್ನಷ್ಟೇ ಹೊಸ ಕಡತಕ್ಕೆ ಒತ್ತೊತ್ತಾಗಿ ಬರೆದು, ಹಳೆಯದನ್ನು ಎಸೆಯುತ್ತದೆ. ತಮಾಷೆ ಇರುವುದು ಇಲ್ಲಿ: ಹೊಸ ಕಡತ ಬರೆದು ಮುಗಿಯುವವರೆಗೆ ಹಳೆಯದೂ ಇರಬೇಕು. ಜಾಗವಿಲ್ಲ ಎಂದು ಕುಗ್ಗಿಸಲು ಹೊರಟವರಿಗೆ ಕುಗ್ಗಿಸುವುದಕ್ಕೇ ಜಾಗ ಬೇಕು! ಜೊತೆಗೆ ಅಷ್ಟು ಹೊತ್ತು ಆ ಕೋಷ್ಟಕಕ್ಕೆ ಪೂರ್ತಿ ಬೀಗ. ಬರೆಯುವುದಿರಲಿ, ಓದುವುದೂ ಆಗದು. ಬ್ಯಾಕಪ್ ನಡೆಯುವ ರಾತ್ರಿ ಇದನ್ನು ಮಾಡುವಂತಿಲ್ಲ.

ಎಲ್ಲ ಡೇಟಾಬೇಸ್‌ಗಳನ್ನೂ ಆಗಾಗ ಕುಗ್ಗಿಸುತ್ತಿರಬೇಕು ಎಂಬುದು ಇನ್ನೊಂದು ತಪ್ಪು ಕಲ್ಪನೆ. ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಕುಗ್ಗಿಸುವ ಆದೇಶ ಕೊನೆಯ ಪುಟಗಳನ್ನು ತಂದು ಮುಂದಿನ ತೂತುಗಳಿಗೆ ತುರುಕುತ್ತದೆ. ಇದರಿಂದ ಇಂಡೆಕ್ಸ್‌ಗಳ ಕ್ರಮ ಚೆಲ್ಲಾಪಿಲ್ಲಿಯಾಗುತ್ತದೆ. ಅವನ್ನು ಮತ್ತೆ ಕಟ್ಟಲು ಹೋದರೆ ಕಡತ ಮತ್ತೆ ಹಿಗ್ಗುತ್ತದೆ. ಮುಂದಿನ ತಿಂಗಳು ಹೇಗೂ ತುಂಬುವ ಜಾಗವಾದರೆ ಸುಮ್ಮನೆ ಬಿಡುವುದೇ ಲೇಸು ಎಂದು ನಮ್ಮ ಅನಿಸಿಕೆ. ಒಮ್ಮೆಲೇ ದೊಡ್ಡ ಭಾಗ ಅಳಿಸಿ, ಅಷ್ಟು ಜಾಗ ಮತ್ತೆ ಬೇಕಾಗದು ಎಂದು ಖಾತ್ರಿಯಾದಾಗ ಮಾತ್ರ ಕುಗ್ಗಿಸಬೇಕು.

ಬ್ಯಾಕಪ್ ಸರ್ವರ್‌ನಲ್ಲಿ ಇನ್ನೊಂದು ತೊಡಕಿದೆ. ಡೇಟಾಬೇಸ್‌ನಲ್ಲಿ ಇರುವುದು ಕಡತಗಳಲ್ಲ, ಅವುಗಳ ವಿಳಾಸ. ಬ್ಯಾಕುಲಾದಲ್ಲಿ ಬೇರೆ ಏನೂ ಹೇಳದಿದ್ದರೆ ಕಡತಗಳ ಹೆಸರಿನ ಲೆಕ್ಕ 60 ದಿನ, ಒಟ್ಟು ಬ್ಯಾಕಪ್‌ನ ಲೆಕ್ಕ 180 ದಿನ ಉಳಿಯುತ್ತದೆ. ಹೆಸರುಗಳು ಅಳಿದರೂ ಧ್ವನಿಮುದ್ರಣ ಟೇಪಿನಲ್ಲೋ ಡಿಸ್ಕಿನಲ್ಲೋ ಇರುತ್ತದೆ. ಆದರೆ ಬೇಕಾದ ಒಂದೇ ಸಂದರ್ಶನವನ್ನು ಪಟ್ಟಿಯಿಂದ ಆರಿಸಿ ತೆಗೆಯಲಾಗದು. ಇಡೀ ಬ್ಯಾಕಪ್ ಅನ್ನೇ ಇಳಿಸಿಕೊಳ್ಳಬೇಕು.

ಆತುರದ ಬೆಲೆ ಏನೆಂಬುದಕ್ಕೆ 2017ರ ಜನವರಿ 31ರ ಗಿಟ್‌ಲ್ಯಾಬ್ ಪ್ರಕರಣ ನೋಡಿ. ಎರಡನೇ ಸರ್ವರ್‌ನ ಡೇಟಾ ಅಳಿಸಿ ಹೊಸದಾಗಿ ಹೊಂದಿಸಲು ಹೊರಟ ಇಂಜಿನಿಯರ್ ರಾತ್ರಿ ಹೊತ್ತಿನಲ್ಲಿ ಮುಖ್ಯ ಸರ್ವರ್‌ನಲ್ಲೇ ಆ ಆದೇಶ ಕೊಟ್ಟರು. ಸುಮಾರು 300 ಗಿಗಾಬೈಟ್‌ನಲ್ಲಿ ಉಳಿದದ್ದು 4.5. ಬ್ಯಾಕಪ್ ಹುಡುಕಿದರೆ, ನಿತ್ಯದ ನಕಲು ಆಗುತ್ತಲೇ ಇರಲಿಲ್ಲ. ನಕಲು ತೆಗೆಯುವ ತಂತ್ರಾಂಶದ ಆವೃತ್ತಿ ಡೇಟಾಬೇಸ್‌ಗಿಂತ ಹಳೆಯದಾಗಿತ್ತು. 'ವಿಫಲವಾಗಿದೆ' ಎಂಬ ಇಮೇಲ್‌ಗಳೂ ಯಾರಿಗೂ ತಲುಪಿರಲಿಲ್ಲ. ಅದೃಷ್ಟಕ್ಕೆ ಆರು ಗಂಟೆ ಹಿಂದೆ ತೆಗೆದಿದ್ದ ಒಂದು ಪ್ರತಿ ಸಿಕ್ಕಿತು. ನಡುವಿನ ಆ ಆರು ಗಂಟೆಗಳ ಡೇಟಾಬೇಸ್ ಬದಲಾವಣೆಗಳು ಹೋದವು.

ಇದನ್ನು ಓದಿದ ಮೇಲೆ ನಾವು ಎರಡು ದಿನ ಏನನ್ನೂ ಅಳಿಸಲಿಲ್ಲ. ಮೊದಲು ಹೊರಗಿನ ಡಿಸ್ಕ್‌ಗೆ ಡೇಟಾಬೇಸ್‌ನ ಪೂರ್ಣ ನಕಲು ತೆಗೆದೆವು. ಅದನ್ನು ಬೇರೊಂದು ಕಂಪ್ಯೂಟರ್‌ಗೆ ತುಂಬಿ, ಹಳೆಯ ಸಂದರ್ಶನವೊಂದನ್ನು ಹೊರತೆಗೆದು ಕೇಳಿಸಿಕೊಂಡೆವು. ದನಿ ಸ್ಪಷ್ಟವಾಗಿತ್ತು. ಆಮೇಲೆ ಬ್ಯಾಕಪ್ ನಿಲ್ಲಿಸಿ, ಹಳೆಯ ಡೇಟಾಬೇಸ್ ತೆಗೆದು, ಅದೇ ನಕಲಿನಿಂದ ಹೊಸದನ್ನು ಕಟ್ಟಿದೆವು. ಗಾತ್ರ ಅರ್ಧಕ್ಕಿಂತ ಕಡಿಮೆಯಾಯಿತು. ಹೊರಗಿನ ಡಿಸ್ಕ್ ಇನ್ನೂ ಮೇಜಿನ ಡ್ರಾಯರ್‌ನಲ್ಲಿದೆ. ಅದನ್ನು ಅಳಿಸಲು ಯಾರಿಗೂ ಮನಸ್ಸಿಲ್ಲ.