ಗುಳಿಗೆಯ ಚೀಲ ಮತ್ತು ದಾದಿಯ ಅರಿವು

ವಿಜಯಪುರ, ಕಲಬುರಗಿ, ಹುಬ್ಬಳ್ಳಿ, ಬೆಳಗಾವಿಗಳಿಂದ ಹೊರಟ ಬಸ್ಸುಗಳು ಪುಣೆಯ ಸ್ವಾರಗೇಟ ನಿಲ್ದಾಣವನ್ನು ತಲುಪಿದಾಗ ಇಳಿಯುವವರೆಲ್ಲರೂ ನೌಕರಿ ಅರಸಿ ಬಂದ ತರುಣರಲ್ಲ. ಹೃದಯದ ತಪಾಸಣೆಗೆಂದು ಮಕ್ಕಳ ಮನೆಗೆ ಬರುವ ವೃದ್ಧ ತಂದೆತಾಯಿಗಳೂ ಅವರಲ್ಲಿರುತ್ತಾರೆ. ಅವರ ಗಂಟಿನಲ್ಲಿ ಜೋಳದ ರೊಟ್ಟಿ, ಶೇಂಗಾ ಹಿಂಡಿಗಳ ಜೊತೆಗೆ ಊರಿನ ವೈದ್ಯರು ಕೊಟ್ಟ ಗುಳಿಗೆಗಳ ಚೀಲವೊಂದು ಇದ್ದೇ ಇರುತ್ತದೆ.

ಪುಣೆಯ ವೈದ್ಯರು ಹೊಸ ಚೀಟಿ ಬರೆಯುತ್ತಾರೆ. ತೊಡಕು ಪ್ರಾರಂಭವಾಗುವುದು ಇಲ್ಲಿಯೇ. ಕೊಲೆಸ್ಟ್ರಾಲನ್ನು ತಗ್ಗಿಸುವ ಅಟೊರ್ವಾಸ್ಟಾಟಿನ್ ಎಂಬ ಒಂದೇ ಔಷಧವು ಹಲವು ಕಂಪನಿಗಳ ಹಲವು ಹೆಸರುಗಳಲ್ಲಿ ಮಾರಾಟವಾಗುತ್ತದೆ. ಊರಿನ ಗುಳಿಗೆಗೆ ಒಂದು ಹೆಸರು, ಪುಣೆಯ ಗುಳಿಗೆಗೆ ಇನ್ನೊಂದು, ಬಣ್ಣವೂ ಬೇರೆ. ಎರಡನ್ನೂ ಭಕ್ತಿಯಿಂದ ನುಂಗುವ ಹಿರಿಯರಿಗೆ ತಾವು ಇಮ್ಮಡಿ ಪ್ರಮಾಣವನ್ನು ಸೇವಿಸುತ್ತಿರುವುದು ತಿಳಿಯದು. ಮೆಟೊಪ್ರೊಲಾಲ್ ಹೀಗೆ ಇಮ್ಮಡಿಯಾದರಂತೂ ನಾಡಿಯೇ ಕುಸಿಯಬಹುದು. ಗುಳಿಗೆಯ ಪಟ್ಟಿಯ ಮೇಲಿನ ಮೂಲೌಷಧದ ಹೆಸರನ್ನು ಓದಿ ಇದನ್ನು ಹಿಡಿಯುವ ಅವಕಾಶ ರೋಗಿಯ ಬಳಿಯಲ್ಲಿಯೇ ಇರುವ ದಾದಿಗೆ ಇರುವಷ್ಟು ಬೇರಾರಿಗೂ ಇಲ್ಲ.

ಆದರೆ ದಾದಿಯೆಂದರೆ ಹೊತ್ತಿಗೆ ಸರಿಯಾಗಿ ಗುಳಿಗೆ ಹಂಚುವವಳು ಎಂಬ ಭಾವನೆ ಇನ್ನೂ ಅಳಿದಿಲ್ಲ. ಡಿಜಾಕ್ಸಿನ್ನಿನ ಉದಾಹರಣೆಯೊಂದೇ ಈ ಭಾವನೆಯನ್ನು ಸುಳ್ಳಾಗಿಸಲು ಸಾಕು. ಆಂಗ್ಲ ವೈದ್ಯ ವಿಲಿಯಂ ವಿದರಿಂಗ್ 1785ರಲ್ಲಿ ಫಾಕ್ಸ್‌ಗ್ಲೋವ್ ಗಿಡದ ಎಲೆಯ ಗುಣವನ್ನು ಗ್ರಂಥರೂಪದಲ್ಲಿ ವಿವರಿಸಿದನು. ಆ ಗಿಡಗಳ ಕುಲದಿಂದಲೇ ಬಂದ ಔಷಧವಿದು. ಗುಣಕ್ಕೂ ವಿಷಕ್ಕೂ ನಡುವಿನ ಅಂತರ ಇದರಲ್ಲಿ ಬಹಳ ಕಡಿಮೆ. ಆದಕಾರಣ ತರಬೇತಾದ ದಾದಿಯು ಇದನ್ನು ಕೊಡುವ ಮುನ್ನ ಪೂರ್ತಿ ಒಂದು ನಿಮಿಷ ಹೃದಯದ ಬಡಿತವನ್ನೆಣಿಸುತ್ತಾಳೆ. ವಯಸ್ಕರಲ್ಲಿ ಅದು 60ಕ್ಕಿಂತ ಕೆಳಗಿದ್ದರೆ ಗುಳಿಗೆಯನ್ನು ತಡೆದು ವೈದ್ಯರಿಗೆ ತಿಳಿಸುತ್ತಾಳೆ. ರೋಗಿಗೆ ಊಟ ಸೇರದಿದ್ದರೆ, ವಾಕರಿಕೆ ಬಂದರೆ, ಕಂಡದ್ದೆಲ್ಲ ಹಳದಿಯಾದರೆ ಆಕೆಗೆ ಸಂಶಯ ಹುಟ್ಟಬೇಕು. ಇದು ಬರಿಯ ಹಂಚಿಕೆಯ ಕೆಲಸವೇ?

ಈ ವಿದ್ಯೆ ಒಮ್ಮೆ ಕಲಿತು ಮುಗಿಯುವಂಥದೂ ಅಲ್ಲ. ಜಪಾನಿನ ಅಕಿರಾ ಎಂಡೋ 1970ರ ದಶಕದಲ್ಲಿ ಬೂಷ್ಟಿನಲ್ಲಿ ಕಂಡುಕೊಂಡ ದ್ರವ್ಯದಿಂದ ಸ್ಟಾಟಿನ್ನುಗಳ ಕಥೆ ಆರಂಭವಾಯಿತು. ಲೊವಾಸ್ಟಾಟಿನ್ನಿಗೆ ಅಮೆರಿಕೆಯಲ್ಲಿ ಅನುಮತಿ ದೊರೆತದ್ದು 1987ರಲ್ಲಿ. ಅದಕ್ಕೂ ಮುಂಚೆ ತರಬೇತಿ ಮುಗಿಸಿದವರು ಇದನ್ನೆಲ್ಲ ವಾರ್ಡಿನಲ್ಲಿಯೇ ಕಲಿಯಬೇಕಾಯಿತು. ಸ್ಟಾಟಿನ್ನಿನದು ವಿಚಿತ್ರ ಸಂಗತಿ: ನುಂಗಿದರೆ ಹಿತವೆನಿಸದು, ಬಿಟ್ಟರೆ ನೋವಾಗದು. ರಕ್ತಪರೀಕ್ಷೆ ಸರಿಬಂದೊಡನೆ ಅನೇಕರು ತಾವಾಗಿಯೇ ನಿಲ್ಲಿಸಿಬಿಡುತ್ತಾರೆ. ಪರೀಕ್ಷೆ ಸರಿಬಂದದ್ದು ಗುಳಿಗೆಯಿಂದಲೇ ಎಂದು ತಿಳಿಹೇಳುವವರು ಬೇಕು. ಮೈಕೈ ಸ್ನಾಯುಗಳು ಕಾರಣವಿಲ್ಲದೆ ನೊಂದರೆ, ಮೂತ್ರ ಕಪ್ಪಾದರೆ ತಡಮಾಡಬಾರದೆಂದೂ ಹೇಳಬೇಕು.

ಹೇಳುವುದು ಯಾವ ಭಾಷೆಯಲ್ಲಿ? ಪುಣೆಯ ವಾರ್ಡುಗಳಲ್ಲಿ ಮರಾಠಿ, ಹಿಂದಿ ನಡೆಯುತ್ತವೆ. ಕೇರಳದಿಂದ ಬಂದ ದಾದಿಯರೂ ಇದ್ದಾರೆ. ಕನ್ನಡವೊಂದನ್ನೇ ಬಲ್ಲ ಅಜ್ಜ ಎಲ್ಲಕ್ಕೂ ತಲೆಯಾಡಿಸುತ್ತಾನೆ. ಸೂಚನೆಗಳು ಕಚೇರಿಗೆ ಹೊರಟು ನಿಂತ ಮಗನ ಕಿವಿಗೆ ಬಿದ್ದು, ಅಲ್ಲಿಯೇ ಉಳಿಯುತ್ತವೆ. ಎದೆನೋವು ಬಂದಾಗ ಸಾರ್ಬಿಟ್ರೇಟನ್ನು ನುಂಗದೆ ನಾಲಿಗೆಯ ಕೆಳಗಿಡಬೇಕು. ಅದೂ ಕುಳಿತುಕೊಂಡು, ಏಕೆಂದರೆ ರಕ್ತದೊತ್ತಡ ಇಳಿದು ನಿಂತವರು ಬೀಳಬಹುದು. ಐದು ನಿಮಿಷದಲ್ಲಿ ನೋವು ತಗ್ಗದಿದ್ದರೆ 108ಕ್ಕೆ ಕರೆಮಾಡಬೇಕು. ಮನೆಯಲ್ಲಿ ಒಬ್ಬರೇ ಇರುವ ಹಗಲಿನಲ್ಲಿ ನೋವು ಬಂದರೆ ಮಗನಿಗೆ ಗೊತ್ತಿದ್ದು ಏನು ಫಲ?

ಔಷಧದ ಮಾತು ವೈದ್ಯರಿಗೇ ಸೇರಿದ್ದೆಂದು ಆಕ್ಷೇಪಿಸುವವರುಂಟು. ಚೀಟಿಯನ್ನು ತಿದ್ದುವ ಅಧಿಕಾರವನ್ನು ಇಲ್ಲಿ ಯಾರೂ ಕೇಳುತ್ತಿಲ್ಲ. ರೋಗಿಯನ್ನು ಮನೆಗೆ ಕಳುಹಿಸುವ ದಿನ ಅರ್ಧ ಗಂಟೆಯನ್ನು ದಾದಿಗೆ ಇದಕ್ಕಾಗಿಯೇ ಬಿಟ್ಟುಕೊಡಬೇಕು. ರೋಗಿಯ ಬಾಯಿಂದಲೇ ಮರಳಿ ಹೇಳಿಸಬೇಕು. ಹತ್ತಾರು ಹಾಸಿಗೆಗಳ ನಡುವೆ ಓಡಾಡುವವಳಿಂದ ಇದನ್ನು ಪುಕ್ಕಟೆಯಾಗಿ ನಿರೀಕ್ಷಿಸುವುದು ಅನ್ಯಾಯ. ನಗರದಲ್ಲಿರುವ ಕನ್ನಡಿಗ ದಾದಿಯರನ್ನು ಸಂಘಗಳು ಸನ್ಮಾನಕ್ಕೆ ಕರೆದು ಶಾಲು ಹೊದಿಸುವುದಕ್ಕಿಂತ, ತಿಂಗಳಿಗೊಂದು ಭಾನುವಾರ ಅವರಿಗೆ ಒಂದು ಮೇಜು, ಯೋಗ್ಯ ಗೌರವಧನ ಕೊಟ್ಟು ಹಿರಿಯರ ಗುಳಿಗೆಯ ಚೀಲಗಳನ್ನು ನೋಡಿಸಿದರೆ ಹೆಚ್ಚಿನ ಉಪಕಾರವಾದೀತು.

ಅಂದು ಚೀಲವನ್ನು ಪೂರ್ತಿಯಾಗಿ ಬರಿದುಮಾಡಬೇಕು. ಮೊಣಕಾಲು ನೋವಿಗೆಂದು ಅಂಗಡಿಯಿಂದ ತಂದ ಗುಳಿಗೆಯನ್ನು ಹಿರಿಯರು ಸಾಮಾನ್ಯವಾಗಿ ತೋರಿಸುವುದಿಲ್ಲ. ಅದು ಹೃದಯದ ಔಷಧವಲ್ಲವಲ್ಲ ಎಂಬುದು ಅವರ ಸಮಾಧಾನ. ದುರ್ಬಲ ಹೃದಯದವರ ಮೈಯಲ್ಲಿ ನೀರು ತುಂಬಿಸಿ ಮತ್ತೆ ಆಸ್ಪತ್ರೆಗೆ ಕರೆತರಬಲ್ಲ ಗುಳಿಗೆಗಳಲ್ಲಿ ಅದೂ ಒಂದು.