ಅಂಡಮಾನಿನ ಜಿಂಕೆ ಅಂಡಮಾನಿನದಲ್ಲ

ಅಂಡಮಾನ್‌ಗೆ ಹೋಗಿ ಬಂದವರ ಫೋಟೋಗಳನ್ನು ನೋಡಿದ್ದೀರಾ? ಸೆಲ್ಯುಲರ್ ಜೈಲು, ರಾಧಾನಗರ ಬೀಚಿನ ಸೂರ್ಯಾಸ್ತ, ಆಮೇಲೆ ತಪ್ಪದೆ ಒಂದು ಜಿಂಕೆ. ಹೊಸದಾಗಿ ಮದುವೆಯಾದ ಜೋಡಿಯಾಗಲಿ, ನಮ್ಮ ಹಾಗೆ ಮಗಳ ಮದುವೆ ಮುಗಿಸಿ ಉಸ್ಸಪ್ಪಾ ಎಂದು ಹೊರಟ ಜೋಡಿಯಾಗಲಿ, ಜಿಂಕೆಯ ಬಾಯಿಗೆ ಬಿಸ್ಕತ್ತು ಹಿಡಿದ ಫೋಟೋ ಒಂದು ಇರಲೇಬೇಕು. ಆ ಫೋಟೋ ಬಗ್ಗೆ ನನ್ನದೊಂದು ತಕರಾರಿದೆ.

ಚೆನ್ನೈನಲ್ಲಿರುವ ನಮಗೆ ಅಂಡಮಾನ್ ಹತ್ತಿರವೇ. ವಿಮಾನದಲ್ಲಿ ಎರಡು ಗಂಟೆ ಚಿಲ್ಲರೆ. ಊರಿಗೆ, ಅಂದರೆ ಸಾಗರಕ್ಕೆ, ಹೋಗುವುದೇ ಅದಕ್ಕಿಂತ ದೊಡ್ಡ ಪ್ರಯಾಣ! ಪೋರ್ಟ್‌ಬ್ಲೇರ್‌ಗೆ 2024ರಲ್ಲಿ ಶ್ರೀ ವಿಜಯಪುರಂ ಎಂದು ಹೆಸರಾಯಿತು. ಅದರ ಎದುರಿಗಿರುವ ರಾಸ್ ದ್ವೀಪ 2018ರಲ್ಲಿ ನೇತಾಜಿ ಸುಭಾಷ್ ಚಂದ್ರ ಬೋಸ್ ದ್ವೀಪವಾಯಿತು. ನಾವು ಹತ್ತಿದ ದೋಣಿಯವನು ಮಾತ್ರ ರಾಸ್ ಎಂದೇ ಕೂಗುತ್ತಿದ್ದ. ಬ್ರಿಟಿಷರ ಚರ್ಚು, ಬಂಗಲೆಗಳ ಗೋಡೆಗಳನ್ನು ಮರದ ಬೇರುಗಳು ತಬ್ಬಿಕೊಂಡು ನಿಂತಿವೆ. ಇಳಿದ ಐದು ನಿಮಿಷಕ್ಕೆಲ್ಲ ಜಿಂಕೆಗಳು ಹಾಜರ್. ಜತೆಯಲ್ಲಿದ್ದವರು ಚಿಪ್ಸ್ ಪ್ಯಾಕೆಟ್ ಹರಿದರು. ಗೈಡ್ ಹುಡುಗ "ವೈಲ್ಡ್‌ಲೈಫ್ ಸಾರ್, ವೈಲ್ಡ್‌ಲೈಫ್" ಅಂದ. ನನ್ನಾಕೆ ಮೆಲ್ಲಗೆ, "ರೀ, ಇದನ್ನ ನೋಡೋಕೆ ಗಿಂಡಿಗೆ ಬಸ್ಸಲ್ಲಿ ಹೋಗಿದ್ರೆ ಸಾಕಿತ್ತಲ್ವಾ?" ಅಂದಳು. ನಿಜವೇ. ಐಐಟಿ ಕ್ಯಾಂಪಸ್ಸಿನಲ್ಲಿ ಇದೇ ಚುಕ್ಕೆ ಜಿಂಕೆ ಹುಡುಗರ ಸೈಕಲ್ಲುಗಳ ಮಧ್ಯೆ ಓಡಾಡಿಕೊಂಡಿರುತ್ತದೆ.

ವಿಷಯ ಏನೆಂದರೆ, ಅಂಡಮಾನಿನಲ್ಲಿ ಜಿಂಕೆ ಇರಲೇ ಇಲ್ಲ. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಬ್ರಿಟಿಷರು ಶಿಕಾರಿಗೆಂದು ತಂದು ಬಿಟ್ಟದ್ದು. ಅಲ್ಲಿ ಹುಲಿಯಿಲ್ಲ, ಚಿರತೆಯಿಲ್ಲ, ಸೀಳುನಾಯಿಯಿಲ್ಲ. ಸಾಲದ್ದಕ್ಕೆ ಜಿಂಕೆಗೆ ಈಜು ಬೇರೆ ಬರುತ್ತದೆ. ದ್ವೀಪದಿಂದ ದ್ವೀಪಕ್ಕೆ ಹಬ್ಬಿತು. ಕಾಡಿನ ತಳದ ಎಳೆ ಸಸಿಗಳನ್ನೆಲ್ಲ ಮೇಯ್ದು ಬೋಳಾಗಿಸಿದ ಕಡೆ, ಆ ಸಸಿಗಳ ಮರೆಯಲ್ಲಿ ಬದುಕುವ ಅಲ್ಲಿಯದೇ ಆದ ಹಲ್ಲಿ, ಓತಿಕ್ಯಾತಗಳು ಕಡಿಮೆಯಾಗಿರುವುದನ್ನು ಸಂಶೋಧಕರು ಲೆಕ್ಕ ಹಾಕಿ ತೋರಿಸಿದ್ದಾರೆ. ಜಿಂಕೆಯದೇನೂ ತಪ್ಪಿಲ್ಲ ಬಿಡಿ, ಪಾಪ. ನಾವೂ ವಲಸೆ ಬಂದವರೇ. ಆದರೆ ಚೆನ್ನೈನ ಕನ್ನಡಿಗನನ್ನು ತೋರಿಸಿ "ನೋಡಿ, ಇವರೇ ಅಪ್ಪಟ ತಮಿಳರು" ಅಂತ ಯಾರೂ ಟಿಕೆಟ್ ಮಾರುವುದಿಲ್ಲವಲ್ಲ!

ಹ್ಯಾವ್‌ಲಾಕಿನ ಈಜುವ ಆನೆ ರಾಜನ್ ಕಥೆಯೂ ಇದೇ. ಮರ ಎಳೆಯಲು 1970ರ ದಶಕದಲ್ಲಿ ಇಲ್ಲಿಗೆ ತಂದ ಆನೆಗಳಲ್ಲಿ ಅದೂ ಒಂದು. 2002ರಲ್ಲಿ ಸುಪ್ರೀಂ ಕೋರ್ಟು ಮರ ಕಡಿತಕ್ಕೆ ಕಡಿವಾಣ ಹಾಕಿದ ಮೇಲೆ ಅದಕ್ಕೆ ಕೆಲಸ ತಪ್ಪಿತು. ಪ್ರವಾಸಿಗರ ಜತೆ ಸಮುದ್ರದಲ್ಲಿ ಈಜುವುದೇ ಹೊಸ ಉದ್ಯೋಗವಾಯಿತು. 2016ರಲ್ಲಿ ತೀರಿಕೊಂಡಿತು. ನಮ್ಮ ರಿಸಾರ್ಟಿನಲ್ಲಿ ಒಬ್ಬರು "ಆನೆ ಎಷ್ಟು ಗಂಟೆಗೆ ಬರುತ್ತೆ?" ಅಂತ ವಿಚಾರಿಸುತ್ತಿದ್ದರು.

ಈಗ ಅಸಲಿ ಅಂಡಮಾನಿಗನ ಕಥೆ ಕೇಳಿ. ಬೆಳಿಗ್ಗೆ ತಿಂಡಿ ಹೊತ್ತಿಗೆ ನನ್ನಾಕೆ, "ರೀ, ಬನ್ನಿ ಇಲ್ಲಿ, ಗಿಳಿ ಬಣ್ಣದ ಹಲ್ಲಿ!" ಎಂದು ಕೂಗಿದಳು. ಅಡಿಕೆ ಮರದ ಕಾಂಡದ ಮೇಲೆ, ಹಗಲು ಬೆಳಕಿನಲ್ಲಿ, ಪಚ್ಚೆ ಹಸಿರು ಮೈ, ಬೆನ್ನ ಮೇಲೆ ಕುಂಕುಮ ಚುಕ್ಕಿ, ಬಾಲಕ್ಕೆ ನೀಲಿ ಛಾಯೆ. ಅಂಡಮಾನ್ ಡೇ ಗೆಕ್ಕೋ. ಇದರ ದಾಯಾದಿಗಳೆಲ್ಲ ಇರುವುದು ಹಿಂದೂ ಮಹಾಸಾಗರದ ಆಚೆ ತುದಿಯಲ್ಲಿ, ಮಡಗಾಸ್ಕರ್ ಸುತ್ತಮುತ್ತ. ಇದೊಂದೇ ಅದು ಹೇಗೋ ಇಲ್ಲಿ! ನಾವು ಬಾಯಿಬಿಟ್ಟು ನೋಡುತ್ತಿದ್ದರೆ ರೂಂಬಾಯ್ ಓಡಿ ಬಂದ, ಕೈಯಲ್ಲಿ ಪೊರಕೆ. "ಸಾರಿ ಮೇಡಂ, ಓಡಿಸ್ತೀನಿ." ಜಿಂಕೆಗೆ ಬಿಸ್ಕತ್ತು, ಹಲ್ಲಿಗೆ ಪೊರಕೆ. ಅವನನ್ನು ತಡೆದು ನಿಲ್ಲಿಸಿ, ಇದು ಇಡೀ ಪ್ರಪಂಚದಲ್ಲಿ ನಿಮ್ಮ ದ್ವೀಪಗಳಲ್ಲಿ ಮಾತ್ರ ಇರೋದು ಕಣಪ್ಪಾ ಅಂದೆ. ನಂಬಿದ ಹಾಗೆ ಕಾಣಲಿಲ್ಲ.

ಹಲ್ಲಿಗಾಗಿ ಇಷ್ಟೊಂದು ಗೋಳಾಡಬೇಕಾ ಅನ್ನಬೇಡಿ. ನಾವು ಏನನ್ನು ನೋಡಲು ದುಡ್ಡು ಕೊಡುತ್ತೇವೋ ಅದಕ್ಕೆ ಮಾತ್ರ ವಕೀಲರು ಸಿಗುತ್ತಾರೆ. ಅಲ್ಲಿಂದ ದಕ್ಷಿಣಕ್ಕೆ 500 ಕಿ.ಮೀ. ದಾಟಿದರೆ ಗ್ರೇಟ್ ನಿಕೋಬಾರಿನ ಗಲಾಥಿಯಾ ಕೊಲ್ಲಿ. ಆಮೆಗಳಲ್ಲೇ ಅತಿ ದೊಡ್ಡದಾದ ಲೆದರ್‌ಬ್ಯಾಕ್ ಆಮೆ ಮೊಟ್ಟೆಯಿಡಲು ಬರುವ ಮರಳು. ಗಟ್ಟಿ ಚಿಪ್ಪಿಲ್ಲ, ತೊಗಲಿನಂಥ ಬೆನ್ನು. ಗಂಡಾಮೆ ಹುಟ್ಟಿ ನೀರಿಗಿಳಿದ ಮೇಲೆ ದಡದ ಮುಖ ನೋಡುವುದಿಲ್ಲ. ಹೆಣ್ಣು ಬರುವುದು ರಾತ್ರಿ, ಮೊಟ್ಟೆಯಿಟ್ಟು ಮುಚ್ಚಿ ಹೋಗಿಬಿಡುತ್ತದೆ. ನಮ್ಮ ಬೆಂಗಳೂರಿನ ಐಐಎಸ್‌ಸಿ ಮತ್ತು ದಕ್ಷಿಣ್ ಫೌಂಡೇಶನ್‌ನವರು ಲಿಟ್ಲ್ ಅಂಡಮಾನಿನಲ್ಲಿ ಈ ಆಮೆಗಳಿಗೆ ಉಪಗ್ರಹ ಟ್ಯಾಗ್ ಕಟ್ಟಿ ನೋಡಿದರೆ, ಕೆಲವು ಆಸ್ಟ್ರೇಲಿಯಾ ಕಡೆಗೂ ಕೆಲವು ಆಫ್ರಿಕಾ ಕಡೆಗೂ ಹೋದವು. 2004ರ ಸುನಾಮಿಯಲ್ಲಿ ಗಲಾಥಿಯಾದ ಮರಳೇ ಕೊಚ್ಚಿಹೋಗಿತ್ತು. ಮರಳು ಮತ್ತೆ ಕೂಡಿತು, ಆಮೆಗಳೂ ಬಂದವು.

2021ರ ಜನವರಿಯಲ್ಲಿ ಆ ಕೊಲ್ಲಿಯ ಅಭಯಾರಣ್ಯದ ಪಟ್ಟ ತೆಗೆಯಲು ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿ ಒಪ್ಪಿತು. 2022ರ ನವೆಂಬರಿನಲ್ಲಿ ಕಂಟೇನರ್ ಬಂದರು, ವಿಮಾನ ನಿಲ್ದಾಣ, ಪಟ್ಟಣ, ವಿದ್ಯುತ್ ಸ್ಥಾವರ ಎಲ್ಲಕ್ಕೂ ಪರಿಸರ ಅನುಮತಿ ಸಿಕ್ಕಿತು. ಸುಮಾರು 130 ಚದರ ಕಿ.ಮೀ. ಕಾಡು ಇದಕ್ಕೆ. ಬದಲಿಗೆ ಗಿಡ ನೆಡುವ ಪ್ರಸ್ತಾಪ ಎಲ್ಲಿ ಗೊತ್ತೇ? ಹರಿಯಾಣದಲ್ಲಿ! ಮಲಾಕ್ಕಾ ಜಲಸಂಧಿ ಪಕ್ಕದಲ್ಲಿದೆ, ದೇಶದ ರಕ್ಷಣೆಗೆ ಬೇಕು ಎನ್ನುವವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ನೌಕಾಪಡೆಯ ಐಎನ್‌ಎಸ್ ಬಾಜ್ ನೆಲೆ 2012ರಿಂದಲೇ ಅದೇ ದ್ವೀಪದಲ್ಲಿದೆ. ಸರಕು ಬಂದರು ಆಮೆಯ ಬಾಗಿಲಲ್ಲೇ ಆಗಬೇಕೆಂಬುದು ನನಗಂತೂ ಒಪ್ಪಿತವಿಲ್ಲ. ಆಮೆಗಳಿಗೆ ದಾರಿ ಬಿಡುತ್ತೇವೆ ಎನ್ನುತ್ತದೆ ಸರ್ಕಾರ. ಹಡಗುಗಳ ಬೆಳಕು, ಸದ್ದಿನ ನಡುವೆ ಆ ದಾರಿಯಲ್ಲಿ ಆಮೆ ಬರಬೇಕಲ್ಲ? ಅಲ್ಲಿನ ಶೋಂಪೆನ್ ಮತ್ತು ನಿಕೋಬಾರಿ ಜನರ ಪ್ರಶ್ನೆ ಇದಕ್ಕಿಂತ ದೊಡ್ಡದು, ಅದನ್ನು ಇನ್ನೊಮ್ಮೆ ಬರೆಯುತ್ತೇನೆ.

ಇಷ್ಟೆಲ್ಲ ಆಗುವಾಗ ಅಂಡಮಾನ್ ನೋಡಿ ಬಂದ ನಮ್ಮ ಪೈಕಿ ಎಷ್ಟು ಜನ ಕೇಳಿದೆವು? ರಾಜನ್ ಸತ್ತಾಗ ಮರುಗಿದವರಿಗೆ ಗಲಾಥಿಯಾ ಹೆಸರೇ ಗೊತ್ತಿಲ್ಲ. ಅದು ಬಿಸ್ಕತ್ತು ತಿನ್ನುವ ಪ್ರಾಣಿಯಲ್ಲ ನೋಡಿ.

ಬರುವ ರಜೆಗೆ ಹೊರಟಿರುವವರು ಹೋಗಿ ಬನ್ನಿ, ಚೆಂದದ ಜಾಗ. ಚಿಪ್ಸ್ ಪ್ಯಾಕೆಟ್ಟನ್ನು ರಾಸ್‌ಗೆ ಒಯ್ಯಬೇಡಿ. ಗೈಡ್‌ಗೆ ಸುಮ್ಮನೆ ಒಂದು ಪ್ರಶ್ನೆ ಹಾಕಿ: "ಈ ಜಿಂಕೆ ಬಿಡಪ್ಪಾ, ಇಲ್ಲಿಯದೇ ಆದದ್ದು ಏನಿದೆ?" ಹತ್ತು ಜನ ಕೇಳಿದರೆ ಹನ್ನೊಂದನೆಯವರಿಗೆ ಅವನೇ ಹಸಿರು ಹಲ್ಲಿ ಹುಡುಕಿ ತೋರಿಸುತ್ತಾನೆ, ಬೇಕಾದರೆ ಐವತ್ತು ರೂಪಾಯಿ ಹೆಚ್ಚಿಗೆ ಕೇಳಲಿ.