ಮಾದರಿ ಪಾಠ: ಅದು ಯಾರಿಗಾಗಿ?

ವಿದ್ಯೆಯನ್ನು ಸಂಪಾದಿಸುವುದು ಒಂದು ಸಾಧನೆಯಾದರೆ, ಸಂಪಾದಿಸಿದ ವಿದ್ಯೆಯನ್ನು ಇನ್ನೊಬ್ಬರ ಮನಸ್ಸಿಗೆ ಮುಟ್ಟಿಸುವುದು ಬೇರೆಯೇ ಒಂದು ಸಾಧನೆ. ಮೊದಲನೆಯದಕ್ಕೆ ಪದವಿಪತ್ರಗಳು ಸಾಕ್ಷಿ ನುಡಿಯುತ್ತವೆ. ಎರಡನೆಯದಕ್ಕೆ ಪಾಠವೊಂದೇ ಸಾಕ್ಷಿ. ಕಾಲೇಜಿನ ಅಧ್ಯಾಪಕ ಹುದ್ದೆಗೆ ಬಂದ ಅಭ್ಯರ್ಥಿಯಿಂದ ಸಂದರ್ಶನದಲ್ಲಿ ಮಾದರಿ ಪಾಠ ಮಾಡಿಸುವ ಪದ್ಧತಿಯ ಹಿಂದೆ ಇರುವುದು ಈ ವಿವೇಕವೇ. ತರಗತಿಯ ಸನ್ನಿವೇಶದಲ್ಲಿ ಉಪನ್ಯಾಸ ಮಾಡಿಸಿ ಅಭ್ಯರ್ಥಿಯ ಬೋಧನಾ ಸಾಮರ್ಥ್ಯವನ್ನು ಅಳೆಯಲು ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2018ರ ನಿಯಮಾವಳಿಯೂ ಅವಕಾಶವಿತ್ತಿತು.

ಆದರೆ ಈ ಪರೀಕ್ಷೆಗೆ ಅಭ್ಯರ್ಥಿಯನ್ನು ಸಿದ್ಧಗೊಳಿಸುವವರು ಯಾರು? ಪ್ರೌಢಶಾಲೆಯ ಶಿಕ್ಷಕನಾಗುವವನು ಬಿ.ಎಡ್. ತರಬೇತಿಯಲ್ಲಿ ಪಾಠಟಿಪ್ಪಣಿ ಬರೆಯುತ್ತಾನೆ, ಹಿರಿಯರ ಕಣ್ಣೆದುರಿಗೆ ಪಾಠ ಮಾಡುತ್ತಾನೆ, ತಿದ್ದಿಸಿಕೊಳ್ಳುತ್ತಾನೆ. ಪದವಿ ಕಾಲೇಜಿನ ಹುದ್ದೆಯನ್ನು ಬಯಸುವವನಿಗೆ ಸ್ನಾತಕೋತ್ತರ ಪದವಿಯೂ ಅರ್ಹತಾ ಪರೀಕ್ಷೆಯೂ ಇದ್ದರೆ ಸಾಕು, ಅಂಥ ತರಬೇತಿ ಕಡ್ಡಾಯವಲ್ಲ. ಆದುದರಿಂದ ಬಹಳಷ್ಟು ತರುಣ ತರುಣಿಯರು ಜೀವನದ ಮೊದಲ ಪಾಠವನ್ನು ಆಯ್ಕೆ ಸಮಿತಿಯ ಎದುರಿಗೇ ಮಾಡುತ್ತಾರೆ. ತಜ್ಞರನ್ನು ಮೆಚ್ಚಿಸುವ ಆತುರದಲ್ಲಿ ತಮಗೆ ತಿಳಿದುದೆಲ್ಲವನ್ನೂ ಹದಿನೈದು ನಿಮಿಷಗಳಲ್ಲಿ ಸುರಿದುಬಿಡುತ್ತಾರೆ. ಅದು ಪಾಂಡಿತ್ಯದ ಪ್ರದರ್ಶನವಾಗಬಹುದೇ ಹೊರತು ಪಾಠವಾಗಲಾರದು. ಮಾದರಿ ಪಾಠವನ್ನು ಸಿದ್ಧಪಡಿಸಬೇಕಾದುದು ಸಮಿತಿಗಾಗಿ ಅಲ್ಲ, ಇನ್ನೂ ಎದುರಿಗೆ ಬಾರದ ವಿದ್ಯಾರ್ಥಿಗಾಗಿ.

ಒಂದು ನಿದರ್ಶನದಿಂದ ಈ ಮಾತು ಸ್ಪಷ್ಟವಾದೀತು. ಕಾರವಾರ ತಾಲೂಕಿನ ಕದ್ರಾ ಕಾಳಿ ನದಿಯ ದಂಡೆಯ ಊರು. ಅಲ್ಲಿಯ ಅಣೆಕಟ್ಟಿನ ವಿದ್ಯುದಾಗಾರದಲ್ಲಿ ತಲಾ 50 ಮೆಗಾವ್ಯಾಟ್ ಸಾಮರ್ಥ್ಯದ 3 ಘಟಕಗಳಿವೆ. ಆ ಕಡೆಯ ಭೌತಶಾಸ್ತ್ರದ ಪದವೀಧರನೊಬ್ಬನು ಕಾರವಾರದಲ್ಲಿಯೋ ಅಂಕೋಲೆಯಲ್ಲಿಯೋ ಸಂದರ್ಶನಕ್ಕೆ ಹೋಗಿ, ಶಕ್ತಿಯ ರೂಪಾಂತರವನ್ನು ಕುರಿತು ಪಾಠ ಮಾಡಬೇಕಾಯಿತೆಂದು ಭಾವಿಸಬಹುದು. ವ್ಯಾಖ್ಯೆಗಳನ್ನು ಒಂದರ ಮೇಲೊಂದರಂತೆ ಒಪ್ಪಿಸುವುದು ಒಂದು ದಾರಿ. ಕರಿಹಲಗೆಯ ಮೇಲೆ ಅಣೆಕಟ್ಟಿನ ರೇಖಾಚಿತ್ರವನ್ನು ಬರೆದು ಒಂದೇ ಪ್ರಶ್ನೆಯನ್ನು ಕೇಳುವುದು ಇನ್ನೊಂದು ದಾರಿ. 1 ಘನಮೀಟರ್ ನೀರಿನ ದ್ರವ್ಯರಾಶಿ 1,000 ಕಿಲೋಗ್ರಾಂ. ನೀರು 30 ಮೀಟರ್ ಎತ್ತರದಿಂದ ಬೀಳುತ್ತದೆಂದು ಇಟ್ಟುಕೊಂಡರೆ, ಅಷ್ಟು ನೀರಿನಿಂದ ದೊರೆಯುವ ಶಕ್ತಿ ಸುಮಾರು 2,94,000 ಜೂಲ್. ಹಾಗಾದರೆ 50 ಮೆಗಾವ್ಯಾಟ್‌ನ ಒಂದು ಘಟಕವನ್ನು ನಡೆಸಲು ಸೆಕೆಂಡಿಗೆ ಎಷ್ಟು ನೀರು ಬೇಕು? ನಷ್ಟವನ್ನು ಲೆಕ್ಕಿಸದಿದ್ದರೂ ಸುಮಾರು 170 ಘನಮೀಟರ್. 2019 ಮತ್ತು 2021ರ ಮಳೆಗಾಲಗಳಲ್ಲಿ ಕದ್ರಾದಿಂದ ಬಿಟ್ಟ ನೀರು ಕೆಳದಂಡೆಯ ಊರುಗಳಿಗೆ ನುಗ್ಗಿದುದನ್ನು ಕಂಡ ವಿದ್ಯಾರ್ಥಿಗೆ ಈ ಉತ್ತರ ಬರಿಯ ಅಂಕಿಯಾಗಿ ಉಳಿಯುವುದಿಲ್ಲ. ಸೂತ್ರವು ಅವನ ಅನುಭವದೊಳಗೆ ಇಳಿಯುತ್ತದೆ. ಇದೇ ಜಲಾಶಯದ ನೀರು ಕೈಗಾ ಅಣುವಿದ್ಯುತ್ ಸ್ಥಾವರದ ಉಗಿಯನ್ನು ತಂಪುಗೊಳಿಸಲೂ ಬಳಕೆಯಾಗುತ್ತದೆಂಬ ಸಂಗತಿ ಮುಂದಿನ ಪಾಠಕ್ಕೆ ಬಾಗಿಲು ತೆರೆಯುತ್ತದೆ. ಅದನ್ನು ಇಂದೇ ಹೇಳಿ ಮುಗಿಸುವ ಅಗತ್ಯವಿಲ್ಲ.

ಇತಿಹಾಸದ ಅಭ್ಯರ್ಥಿಗೂ ಇದೇ ಮಾತು ಸಲ್ಲುತ್ತದೆ. ಗಾಂಧೀಜಿಯವರು ದಂಡಿಯಲ್ಲಿ ಉಪ್ಪಿನ ಕಾಯಿದೆಯನ್ನು ಮುರಿದದ್ದು 1930ರ ಏಪ್ರಿಲ್ 6ರಂದು. ಅದೇ ತಿಂಗಳು ಅಂಕೋಲೆಯ ಜನರೂ ಕಾಯಿದೆಯನ್ನು ಮುರಿದರು. ಸಮುದ್ರದ ಮಗ್ಗುಲಲ್ಲಿಯೇ ಬಾಳುವ ಜನ ಉಪ್ಪಿಗೆ ತೆರಿಗೆ ತೆರಬೇಕಾದುದೇಕೆ ಎಂಬ ಒಂದು ಪ್ರಶ್ನೆಯಿಂದ ಪಾಠ ತಾನಾಗಿ ಬೆಳೆಯುತ್ತದೆ.

ಸಿದ್ಧತೆಯ ಕ್ರಮ ಕಠಿಣವಾದುದೇನಲ್ಲ. ಒಂದೇ ಪರಿಕಲ್ಪನೆಯನ್ನು ಆಯ್ದುಕೊಳ್ಳಬೇಕು. ಪಾಠದ ಕೊನೆಗೆ ವಿದ್ಯಾರ್ಥಿಗೆ ಏನು ಬರಬೇಕೆಂಬುದನ್ನು ಒಂದು ವಾಕ್ಯದಲ್ಲಿ ಬರೆದಿಡಬೇಕು. ಆ ವಾಕ್ಯಕ್ಕೆ ಒದಗದ ವಿಷಯ ಎಷ್ಟೇ ಸೊಗಸಾಗಿದ್ದರೂ ಅದನ್ನು ಕೈಬಿಡಬೇಕು. ಗಡಿಯಾರವನ್ನು ಎದುರಿಗಿಟ್ಟುಕೊಂಡು ಎರಡು ಮೂರು ಬಾರಿ ಗಟ್ಟಿಯಾಗಿ ಪಾಠ ಮಾಡಿ ನೋಡಬೇಕು. ಕೇಳುವವರು ವಿಷಯ ತಿಳಿಯದವರಾದರೆ ಮತ್ತೂ ಉತ್ತಮ.

ಇನ್ನು ಆಯ್ಕೆ ಮಾಡುವವರ ಹೊಣೆ. ಬರಿಯ ಕುರ್ಚಿಗಳ ಎದುರಿಗೆ ಪಾಠ ಮಾಡಿಸಿ ಅದರಿಂದ ಅಧ್ಯಾಪಕನನ್ನು ಅಳೆಯುವುದು ನೀರಿಲ್ಲದೆ ಈಜನ್ನು ಪರೀಕ್ಷಿಸಿದಂತೆ. ಹತ್ತು ಹನ್ನೆರಡು ವಿದ್ಯಾರ್ಥಿಗಳನ್ನು ಕುಳ್ಳಿರಿಸಿ, ಪಾಠದ ತರುವಾಯ ಅವರಿಗೇನು ತಿಳಿಯಿತೆಂದು ವಿಚಾರಿಸುವುದು ಯಾವ ಆಡಳಿತ ಮಂಡಳಿಗೂ ಭಾರವಾಗದು. ಶಿಫಾರಸಿನ ಪತ್ರ, ಬಂಧುತ್ವ, ಧನಬಲ ಇವು ಪಾಠಕ್ಕಿಂತ ಹೆಚ್ಚು ತೂಗುವಲ್ಲಿ ಮಾದರಿ ಪಾಠವು ಕೇವಲ ನಾಟಕ. ಅದರ ನಷ್ಟವನ್ನು ತೆರುವವರು ತಿರಸ್ಕೃತ ಅಭ್ಯರ್ಥಿಯೊಬ್ಬನೇ ಅಲ್ಲ. ಮುಂದಿನ ಮೂವತ್ತು ವರ್ಷ ಆ ತರಗತಿಯಲ್ಲಿ ಕುಳಿತುಕೊಳ್ಳುವ ಮಕ್ಕಳೆಲ್ಲರೂ.

ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟನ್ನು ಸ್ಥಾಪಿಸಿ ಉತ್ತರ ಕನ್ನಡದ ಹಳ್ಳಿಗಾಡಿಗೆ ವಿದ್ಯೆಯನ್ನು ಒಯ್ದರು. ಅಂಥ ಸಂಸ್ಥೆಗಳಿಗೆ ದಾನಿಗಳು ಕಟ್ಟಡವನ್ನು ಕೊಡಬಲ್ಲರು. ಕಟ್ಟಡಕ್ಕೆ ಜೀವ ತುಂಬಬೇಕಾದವನು ಅಧ್ಯಾಪಕ. ಪಾಠಟಿಪ್ಪಣಿಯ ವಿದ್ಯೆ ನಮ್ಮ ನಾಡಿನ ಪ್ರೌಢಶಾಲೆಗಳ ಶಿಕ್ಷಕರ ಕೈಯಲ್ಲಿಯೇ ಇದೆ. ಸಂದರ್ಶನಕ್ಕೆ ಹೊರಟ ಹಳೆಯ ವಿದ್ಯಾರ್ಥಿಯನ್ನು ಕರೆದು, ತಮ್ಮ ತರಗತಿಯಲ್ಲಿಯೇ ಒಂದು ಗಂಟೆ ಪಾಠ ಮಾಡಿಸಿ, ತಪ್ಪನ್ನು ಪ್ರೀತಿಯಿಂದ ತಿದ್ದಿ ಕಳುಹಿಸುವುದಕ್ಕೆ ಯಾವ ಖರ್ಚೂ ಇಲ್ಲ. ಮನೆತನದಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದ ತರುಣನಿಗೆ ಅದಕ್ಕಿಂತ ದೊಡ್ಡ ದಾನ ಬೇರೊಂದಿಲ್ಲ.